ಎಲಿ ಮುದುಡಿದ ಡೆಸರ್ಟ್ ಫರ್ನ್ ಸತ್ತದೇನು?

ಪುಣೆಯ ಕೊಥ್ರೂಡ್ ಬಾಲ್ಕನಿಯೊಳಗ ಇಟ್ಟ ಡೆಸರ್ಟ್ ಫರ್ನ್ (ಒಣ ಜಾಗಾದ ಜರೀಗಿಡ) ಎಲಿ ಮುದುಡಿ ಕಂದು ಆಗ್ಯಾವ, ದಿನಾ ನೀರು ಹಾಕಿದ್ರೂ ಸುಧಾರಸವಲ್ದು, ಸತ್ತದೇನು ಅಂತ ಕೇಳೀರಿ. ಮೊದಲು ಆ ದಿನಾ ನೀರು ಹಾಕೋದು ನಿಲ್ಲಸ್ರಿ. ಎಲಿ ಹಿಂದ ಉಣ್ಣೆಯಂಗ ಕೂದಲ ಅವ ಅಂದ್ರಿ, ಹಂಗಾದ್ರ ಬಹುಶಃ ಚೈಲಾಂಥಿಸ್ ಅನ್ನೋ ಜಾತಿ ಇರಬೇಕು, ಇವು ಬಂಡೆ ಸಂದಿಯೊಳಗ ಬೆಳೆಯೋ ಜರೀಗಿಡ, ನಮ್ಮ ಸಹ್ಯಾದ್ರಿಯೊಳಗೂ ಇದರ ಸಂಬಂಧಿ ಬೆಳ್ಳಿ ಫರ್ನ್ ಐತಿ, ಎಲಿ ಕೆಳಗ ಬಿಳಿ ಪುಡಿ ಇರ್ತದ, ಮಳಿಗಾಲ ಮುಗದ ಮ್ಯಾಲ ಒಣಗಿ ಮುದುಡ್ಕೊಂಡು ಕೂಡತದ.

ಮಣ್ಣು ಒಣಗಿದಾಗ ಮುದುಡಿದ್ರ ಅಂಜಬ್ಯಾಡ್ರಿ, ನೀರು ಸಿಕ್ರ ಬಿಚ್ಚಬಹುದು. ಆದ್ರ ಮಣ್ಣು ಹಸಿ ಇದ್ದೂ ಮುದುಡ್ಯಾವ ಅಂದ್ರ ಬಹುಶಃ ಬೇರು ಕೊಳಿಯಾಕತ್ತಾವ. ನಿಮ್ದು ಅದ ಇರಬೇಕು ಅನಸ್ತದ ನನಗ. ಗಿಡಾ ಹೊರಗ ತಗದು ನೋಡ್ರಿ, ಕರ್ರಗ ಮೆತ್ತಗಾದ ಬೇರು ಕತ್ತರಿಸ್ರಿ, ನಡುವಿನ ಗಡ್ಡಿ ಗಟ್ಟಿ ಇದ್ರ ಇನ್ನೂ ಜೀವ ಐತಿ. ಮತ್ತ ನೆಡಾಕ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬ್ಯಾಡ, ಅದು ಭಾಳ ಹೊತ್ತು ನೀರು ಹಿಡಕೊಂಡಿರ್ತದ. ಅರ್ಧಕ್ಕಿಂತ ಹೆಚ್ಚು ದಪ್ಪ ಮರಳು, ಸಣ್ಣ ಕಲ್ಲಿನ ಚೂರು, ಉಳಿದದ್ದು ಮಣ್ಣು, ಸ್ವಲ್ಪ ಎಲಿಗೊಬ್ಬರ ಕಲಸಿ ತೂತಿರೋ ಮಣ್ಣಿನ ಕುಂಡದೊಳಗ ನೆಡ್ರಿ. ಮ್ಯಾಲಿನ ಒಂದಿಂಚು ಒಣಗಿದ ಮ್ಯಾಲ ಬುಡಕ್ಕ ನೀರು ಹಾಕ್ರಿ, ಎಲಿ ಮ್ಯಾಲ ಸ್ಪ್ರೇ ಮಾಡಬ್ಯಾಡ್ರಿ, ಆ ಕೂದಲೊಳಗ ನೀರು ನಿಂತ್ರ ಎಲಿ ಕೊಳೀತದ. ಮುಂಜಾನಿ ಬಿಸಿಲು ಸಾಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳಿ ಬಡಿಯದಂಗ ಒಳಗಡೆ ಇಡ್ರಿ, ಗಾಳಿ ಮಾತ್ರ ಆಡಬೇಕು. ಹೊಸಾ ಸುರುಳಿ ಬಂದ್ರ ಫೋಟೋ ಹಾಕ್ರಿ, ನೋಡಾಕ ಭಾಳ ಆಸಿ ಐತಿ.