ಹೇಸ್ಟಿಂಗ್ಸ್‌ಗೆ ಬರುತ್ತಿದ್ದೀರಾ? ಮೇ ತಿಂಗಳ ಮೊದಲ ಸೋಮವಾರ ಬೇರೆ ಕೆಲಸ ಇಟ್ಟುಕೊಳ್ಳಬೇಡಿ

ಮನೆಯವರಿಗೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಹೇಸ್ಟಿಂಗ್ಸ್‌ನಲ್ಲಿ ಕೆಲಸ ಸಿಕ್ಕಿದೆ, ಲಂಡನ್ ಬಿಟ್ಟು ಹೋಗಬೇಕು, ಅಂಥ ಸಣ್ಣ ಊರಿನಲ್ಲಿ ಬೇಜಾರಾಗುವುದಿಲ್ಲವೇ, ಅಲ್ಲಿನ ಹಬ್ಬಗಳಲ್ಲಿ ಹೊರಗಿನವರಾದ ನಮ್ಮನ್ನು ಸೇರಿಸಿಕೊಳ್ಳುತ್ತಾರೆಯೇ ಎಂದು ಕೇಳಿದ್ದೀರಿ. ನಾನು ಇದೇ ಊರಿನಲ್ಲಿ ಇದ್ದೇನೆ. ಧೈರ್ಯವಾಗಿ ಬನ್ನಿ. ಇಲ್ಲಿನ ದೊಡ್ಡ ಹಬ್ಬಗಳೆಲ್ಲ ಬೀದಿಯಲ್ಲೇ ನಡೆಯುತ್ತವೆ. ಪಕ್ಕದಲ್ಲಿ ನಿಂತು ಸುಮ್ನೆ ನೋಡುತ್ತೇನೆ ಅಂದರೂ ಬಿಡುವುದಿಲ್ಲ.

ಎಲ್ಲಕ್ಕಿಂತ ಮೊದಲು ಜ್ಯಾಕ್ ಇನ್ ದಿ ಗ್ರೀನ್ ಎಂಬ ಹಬ್ಬ ನೋಡಿ. ಮೇ ಮೊದಲ ಸೋಮವಾರ ಇಡೀ ದೇಶಕ್ಕೆ ರಜೆ. ಅದಕ್ಕೆ ಹೊಂದಿಕೊಂಡ ವಾರಾಂತ್ಯದಲ್ಲಿ ಊರಿನ ಹಳೆಯ ಭಾಗವಾದ ಓಲ್ಡ್ ಟೌನಿನ ಬಾಗಿಲು, ಕಿಟಕಿಗಳಿಗೆಲ್ಲ ಹಸಿರು ಎಲೆ, ರಿಬ್ಬನ್ ಕಟ್ಟಿರುತ್ತಾರೆ. ಸೋಮವಾರ ಬೆಳಿಗ್ಗೆ ಮೀನುಗಾರರ ಮ್ಯೂಸಿಯಂನಿಂದ ಜ್ಯಾಕ್ ಹೊರಗೆ ಬರುತ್ತಾನೆ. ಜ್ಯಾಕ್ ಅಂದರೆ ಆಳೆತ್ತರ ಮೀರಿದ ಒಂದು ಚೌಕಟ್ಟು, ಸುತ್ತ ದಟ್ಟವಾಗಿ ಎಲೆ, ತುದಿಗೆ ಹೂವಿನ ಕಿರೀಟ, ಒಳಗೆ ಅದನ್ನು ಹೊತ್ತು ಕುಣಿಯುವ ಒಬ್ಬ ಮನುಷ್ಯ. ಸುತ್ತಲೂ ಕಾವಲಿಗೆ 'ಬೋಗಿ' ಎಂಬ ವೇಷಧಾರಿಗಳು. ಅವರ ಮೈಮೇಲೆ ಹಸಿರು ಚಿಂದಿ ಬಟ್ಟೆ, ಮುಖಕ್ಕೆಲ್ಲ ಹಸಿರು ಬಣ್ಣ. ಕೈಯಲ್ಲಿ ಬಣ್ಣ ಹಿಡಿದು ದಾರಿಯಲ್ಲಿ ಸಿಕ್ಕವರ ಮೂಗಿಗೆ ಹಚ್ಚುತ್ತಾ ಹೋಗುತ್ತಾರೆ. ಪೊಲೀಸರಾಗಲಿ, ಅಜ್ಜಿಯರಾಗಲಿ, ತಳ್ಳುಗಾಡಿಯ ಕೂಸಾಗಲಿ, ವಿನಾಯಿತಿ ಇಲ್ಲ. ಒಂದು ಸಲ ಮೂಗು ಹಸಿರಾಯಿತು ಅಂದರೆ ಪಕ್ಕದವರು ತಾವಾಗಿಯೇ ಮಾತಿಗೆ ಬರುತ್ತಾರೆ. ಆಮೇಲೆ ಮೆರವಣಿಗೆ ಡೋಲು ಬಾರಿಸುತ್ತಾ ಓಲ್ಡ್ ಟೌನ್ ಸುತ್ತಿ ವೆಸ್ಟ್ ಹಿಲ್ ಗುಡ್ಡ ಹತ್ತುತ್ತದೆ. ಮಾರಿಸ್ ಎಂಬ ಇಂಗ್ಲಿಷ್ ಜಾನಪದ ಕುಣಿತದ ತಂಡಗಳು ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಕೋಲು ತಟ್ಟುತ್ತಾ ಕುಣಿಯುತ್ತವೆ. ಮಧ್ಯಾಹ್ನ ಗುಡ್ಡದ ಮೇಲೆ ಜ್ಯಾಕ್‌ನನ್ನು 'ಕೊಲ್ಲುತ್ತಾರೆ'. ಹಾಗೆ ಮಾಡಿದರೆ ಬೇಸಿಗೆಯ ಚೈತನ್ಯ ಬಿಡುಗಡೆಯಾಗುತ್ತದೆ ಅಂತ. ಆಗ ಜನ ಅವನ ಎಲೆಗಳಿಗೆ ಮುಗಿಬೀಳುತ್ತಾರೆ. ಮನೆಯಲ್ಲಿಟ್ಟುಕೊಂಡರೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆ. ನಮ್ಮ ಅಡುಗೆಮನೆಯಲ್ಲೂ ಒಂದು ಎಲೆ ಇದೆ.

ಹಿಂದೆ ಇದು ಹೊಗೆಗೂಡು ಗುಡಿಸುವವರ ಆಚರಣೆ. ಮೇ ಒಂದರಂದು ಎಲೆ ಸುತ್ತಿಕೊಂಡು ಕುಣಿದು ಕಾಸು ಕೂಡಿಸುತ್ತಿದ್ದರು. ಕಾಲ ಕಳೆದಂತೆ ನಿಂತುಹೋಯಿತು. ಅದನ್ನು ಇಲ್ಲಿ ಮತ್ತೆ ಶುರು ಮಾಡಿದ್ದು 1983ರಲ್ಲಿ, ಮ್ಯಾಡ್ ಜ್ಯಾಕ್ಸ್ ಮಾರಿಸ್ ಎಂಬ ಸ್ಥಳೀಯ ತಂಡ. ಊರವರೇ ಬೇಕು ಅಂತ ಹಟ ಹಿಡಿದು ಉಳಿಸಿಕೊಂಡ ಹಬ್ಬ ಇದು. ನನಗೆ ಇದರ ಮೇಲೆ ಇಷ್ಟು ಪ್ರೀತಿ ಅದಕ್ಕೇ. ಅವತ್ತೇ ಸಮುದ್ರದ ರಸ್ತೆಗೆ ಸಾವಿರಾರು ಮೋಟರ್‌ಬೈಕ್‌ಗಳೂ ಬಂದು ಸೇರುತ್ತವೆ. ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ನೆಂಟರನ್ನು ಕರೆಯುವುದಾದರೆ ರೈಲಿನಲ್ಲಿ ಬರಲು ಹೇಳಿ.

ಹಬ್ಬ ಇಲ್ಲದ ದಿನ ಏನು ಮಾಡುವುದು ಅಂತೀರಾ? ಸ್ಟೇಡ್‌ಗೆ ಹೋಗಿ. ಅದು ಮೀನುಗಾರರ ದಡ. ಇಲ್ಲಿ ದೋಣಿಗಳಿಗೆ ಬಂದರು ಇಲ್ಲ. ಬೆಣಚುಕಲ್ಲಿನ ದಂಡೆಯಿಂದಲೇ ನೀರಿಗೆ ಇಳಿಸುತ್ತಾರೆ, ವಾಪಸ್ ಬಂದ ಮೇಲೆ ಮೇಲಕ್ಕೆ ಎಳೆದು ನಿಲ್ಲಿಸುತ್ತಾರೆ. ಹೀಗೆ ದಡದಿಂದ ಹೊರಡುವ ದೋಣಿಗಳು ಇಷ್ಟೊಂದು ಇರುವ ಊರು ಯುರೋಪಿನಲ್ಲೇ ಕಡಿಮೆ. ಹಿಂದೆ ಸಾಲಾಗಿ ಕಪ್ಪು ಮರದ ಎತ್ತರದ ಗೂಡುಗಳಿವೆ. ನಾರಿನ ಬಲೆಗಳು ಮಳೆಗೆ ನೆನೆದು ಕೊಳೆಯದಂತೆ ಒಳಗಿಡಲು ಕಟ್ಟಿದ್ದು. ದಡದಲ್ಲಿ ಜಾಗ ಕಡಿಮೆ, ಹಾಗಾಗಿ ಮೇಲಕ್ಕೆ ಬೆಳೆಸಿದ್ದಾರೆ. ಪಕ್ಕದ ರಾಕ್-ಎ-ನೋರ್ ರಸ್ತೆಯ ಅಂಗಡಿಗಳಲ್ಲಿ ತಾಜಾ ಮೀನು ಸಿಗುತ್ತದೆ. ನಾನು ಉಡುಪಿ ಕಡೆಯವಳು, ಮೀನಿನ ವಿಷಯದಲ್ಲಿ ಸುಲಭಕ್ಕೆ ಒಪ್ಪುವವಳಲ್ಲ. ಇಲ್ಲಿನ ಮ್ಯಾಕರೆಲ್ ನಮ್ಮ ಬಂಗುಡೆಯ ಸಂಬಂಧಿಯೇ, ಹುಳಿ-ಖಾರದ ಪುಳಿಮುಂಚಿ ಸಾರಿಗೆ ಚೆನ್ನಾಗಿ ಹೊಂದುತ್ತದೆ. ಡೋವರ್ ಸೋಲ್ ನಮ್ಮ ನಂಗು ಮೀನಿನ ಹಾಗೆ ಚಪ್ಪಟೆ, ರವೆ ಹಚ್ಚಿ ಹುರಿಯಿರಿ. ಹೇಗೆ ಮಾಡುತ್ತೀರಿ ಅಂತ ಅಂಗಡಿಯವರೇ ಕೇಳುತ್ತಾರೆ. ನನಗೆ ಈ ಊರಿನಲ್ಲಿ ಮೊದಲು ಪರಿಚಯವಾದವರು ಅವರೇ. ಹೊರಗೆ ನಿಂತು ಚಿಪ್ಸ್ ತಿನ್ನುವಾಗ ಮಾತ್ರ ಕಡಲಹಕ್ಕಿಗಳ ಮೇಲೆ ಕಣ್ಣಿರಲಿ, ಕೈಯಿಂದಲೇ ಕಸಿಯುತ್ತವೆ.

ಜುಲೈಯಲ್ಲಿ ಕಡಲ್ಗಳ್ಳರ ದಿನ. 2012ರಲ್ಲಿ ಇಲ್ಲಿ 14,231 ಜನ ಕಡಲ್ಗಳ್ಳರ ವೇಷ ಹಾಕಿ ಒಂದೇ ಕಡೆ ಸೇರಿ ಗಿನ್ನೆಸ್ ದಾಖಲೆ ಮಾಡಿದರು. ಆಗಸ್ಟ್‌ನಲ್ಲಿ ಓಲ್ಡ್ ಟೌನ್ ಕಾರ್ನಿವಲ್, ಸೆಪ್ಟೆಂಬರ್‌ನಲ್ಲಿ ಮೀನು ಮತ್ತು ವೈನ್ ಹಬ್ಬ. ಅಕ್ಟೋಬರ್‌ನಲ್ಲಿ ನಾರ್ಮನ್ನರು ಇಂಗ್ಲಿಷರನ್ನು ಸೋಲಿಸಿದ 1066ರ ಹೇಸ್ಟಿಂಗ್ಸ್ ಯುದ್ಧದ ದಿನದ ಆಸುಪಾಸಿಗೆ ಪಂಜಿನ ಮೆರವಣಿಗೆ, ದಡದಲ್ಲಿ ದೊಡ್ಡ ಬೆಂಕಿ, ಪಟಾಕಿ. ಚಿಕ್ಕ ಮಕ್ಕಳಿದ್ದರೆ ಕಿವಿ ಮುಚ್ಚಲು ಏನಾದರೂ ಇಟ್ಟುಕೊಳ್ಳಿ, ಡೋಲಿನ ಸದ್ದು ಜೋರು.

ಚಳಿಗಾಲ ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು, ಕಡಲ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಆದರೆ ಈಸ್ಟರ್‌ಗೆ ಮೊದಲು ಕ್ರೈಸ್ತರು ಮಾಡುವ ಲೆಂಟ್ ಉಪವಾಸಕ್ಕೆ ಮುಂಚೆ ಫ್ಯಾಟ್ ಟ್ಯೂಸ್‌ಡೇ ಬರುತ್ತದೆ. ಪಬ್‌ನಿಂದ ಪಬ್‌ಗೆ ಬ್ಯಾಂಡ್‌ಗಳು ಓಡಾಡಿ ನುಡಿಸುತ್ತವೆ. ನೀವು ಕುಡಿಯದಿದ್ದರೂ ಪರವಾಗಿಲ್ಲ, ನಾನು ನಿಂಬೆ ಶರಬತ್ತು ಹಿಡಿದುಕೊಂಡೇ ಕೂರುತ್ತೇನೆ. ಬಂದ ಹೊಸದರಲ್ಲಿ ಒಬ್ಬರೇ ಹೋಗಲು ಮುಜುಗರ ಅನಿಸಿದರೆ ಹೇಳಿ, ಜೊತೆಗೆ ಹೋಗೋಣ.