ಪೆಲೆಟ್ ಒಲೆ: ಮೊದಲು ಕೊಳವೆಯ ದಾರಿ ನೋಡಿ, ಆಮೇಲೆ ಒಲೆ ಆರಿಸಿ

ಚಳಿಗಾಲಕ್ಕೆ ಮುಂಚೆ ಮನೆಗೆ ಪೆಲೆಟ್ ಒಲೆ ಹಾಕಿಸಬೇಕೆಂದಿರುವ ಹಲವರು ಈ ಬಾರಿ ಪ್ರಶ್ನೆ ಕಳುಹಿಸಿದ್ದಾರೆ. ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆಗಳೇ ಪೆಲೆಟ್‌ಗಳು. ತೊಟ್ಟಿಯಲ್ಲಿ ಸುರಿದ ಗುಳಿಗೆಗಳನ್ನು ಮೋಟರಿನಿಂದ ತಿರುಗುವ ತಿರುಪು ದಂಡವೊಂದು ಸ್ವಲ್ಪಸ್ವಲ್ಪವಾಗಿ ಉರಿ ಬಟ್ಟಲಿಗೆ ತಳ್ಳುತ್ತದೆ. ಒಂದು ಫ್ಯಾನ್ ಹೊಗೆಯನ್ನು ಹೊರಕ್ಕೆ ದಬ್ಬುತ್ತದೆ, ಇನ್ನೊಂದು ಬಿಸಿ ಗಾಳಿಯನ್ನು ಕೋಣೆಗೆ ಊದುತ್ತದೆ. ಒಲೆಯ ಕೆಲಸ ಇಷ್ಟೇ. ಆದರೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಲೆಯ ಬಣ್ಣ, ಗಾಜು, ಮೊಬೈಲ್ ನಿಯಂತ್ರಣಗಳ ಬಗ್ಗೆಯೇ ಇದ್ದವು. ಹೊಗೆ ಎಲ್ಲಿಂದ ಹೋಗಬೇಕು, ಗಾಳಿ ಎಲ್ಲಿಂದ ಬರಬೇಕು ಎಂದು ಕೇಳಿದವರು ಕೆಲವರೇ. ಅವರ ಪ್ರಶ್ನೆಗಳಿಗೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮನೆ 90 ಚದರ ಮೀಟರ್. ಅದರಲ್ಲಿ ಒಲೆ ಇಡುವ ನಡುಮನೆ 30 ಚದರ ಮೀಟರ್, ಚಾವಣಿಯ ಎತ್ತರ 2.7 ಮೀಟರ್. ಗೋಡೆಗಳಿಗೆ ಶಾಖನಿರೋಧಕ ಪದರವಿದೆ, ಕಿಟಕಿಗಳು ಜೋಡಿ ಗಾಜಿನವು. ಅಂಗಡಿಯವರು 12 ಕಿಲೋವಾಟಿನ ಒಲೆಯನ್ನೇ ಕೊಳ್ಳಿ, ಮುಂದೆ ಸಾಲದೆ ಹೋದರೆ ಕಷ್ಟ ಎನ್ನುತ್ತಿದ್ದಾರೆ. ಅವರ ಮಾತು ಕೇಳಲೇ?

ಉತ್ತರ: ಬೇಡ. ‘ಸ್ವಲ್ಪ ಹೆಚ್ಚೇ ಇರಲಿ’ ಎಂಬ ಲೆಕ್ಕ ಪೆಲೆಟ್ ಒಲೆಗೆ ಹೊಂದುವುದಿಲ್ಲ. ಚೆನ್ನಾಗಿ ಶಾಖನಿರೋಧಕ ಹಾಕಿದ ಮನೆಗೆ ಪ್ರತಿ ಘನ ಮೀಟರಿಗೆ 30ರಿಂದ 40 ವಾಟ್ ಎಂದು ಅಂದಾಜು ಹಿಡಿಯುತ್ತೇವೆ. ನಿರೋಧಕವೇ ಇಲ್ಲದ ಹಳೆಯ ಮನೆಗೆ ಅದು 60 ದಾಟಬಹುದು. ನಿಮ್ಮ ನಡುಮನೆ 81 ಘನ ಮೀಟರ್, ಅಂದರೆ ಅದಕ್ಕೆ 3 ಕಿಲೋವಾಟಿನ ಆಸುಪಾಸು ಸಾಕು. ಇಡೀ ಮನೆಯನ್ನು ಲೆಕ್ಕಕ್ಕೆ ಹಿಡಿದರೂ ಏಳರಿಂದ ಹತ್ತರೊಳಗೆ ಮುಗಿಯುತ್ತದೆ. ಅಷ್ಟು ಬೇಕಾಗುವುದೂ ವರ್ಷದ ಅತಿ ಚಳಿಯ ಕೆಲವೇ ದಿನಗಳಲ್ಲಿ. ಮಲಗುವ ಕೋಣೆಗಳ ಬಾಗಿಲು ಮುಚ್ಚಿದ್ದರೆ ನಡುಮನೆಯ ಶಾಖ ಅಲ್ಲಿಗೆ ತಲುಪುವುದೇ ಇಲ್ಲ, ಒಲೆ ಎಷ್ಟೇ ದೊಡ್ಡದಿರಲಿ. ಕೋಣೆಕೋಣೆಗೂ ಶಾಖ ಬೇಕೆಂದರೆ ಬಿಸಿ ಗಾಳಿಯನ್ನು ಕೊಳವೆಯ ಮೂಲಕ ಸಾಗಿಸುವ ಮಾದರಿಯನ್ನೋ ನೀರು ಕಾಯಿಸಿ ರೇಡಿಯೇಟರ್‌ಗಳಿಗೆ ಕಳುಹಿಸುವ ಮಾದರಿಯನ್ನೋ ನೋಡಬೇಕಾಗುತ್ತದೆ.

ಅಂಗಡಿಯಲ್ಲಿ ಗರಿಷ್ಠ ಶಕ್ತಿಯ ಜೊತೆಗೆ ಕನಿಷ್ಠ ಶಕ್ತಿ ಎಷ್ಟೆಂದೂ ಕೇಳಿ. ಇದು ಬಹಳ ಮುಖ್ಯ. ಅಳತೆ ಮೀರಿದ ಒಲೆ ಚಳಿಗಾಲದ ಹೆಚ್ಚಿನ ದಿನಗಳನ್ನು ತನ್ನ ಅತಿ ಸಣ್ಣ ಉರಿಯಲ್ಲೇ ಕಳೆಯುತ್ತದೆ. ಆ ಉರಿಯಲ್ಲಿ ದಹನ ಪೂರ್ತಿಯಾಗುವುದಿಲ್ಲ, ಗಾಜು ಕಪ್ಪಾಗುತ್ತದೆ, ಕೊಳವೆಯಲ್ಲಿ ಮಸಿ ಕೂಡುತ್ತದೆ. ಆ ಸಣ್ಣ ಉರಿಯೂ ಕೋಣೆಗೆ ಹೆಚ್ಚಾದರೆ ಥರ್ಮೋಸ್ಟಾಟ್ ಒಲೆಯನ್ನು ಆರಿಸುತ್ತದೆ, ಕೋಣೆ ತಣಿದಾಗ ಮತ್ತೆ ಹೊತ್ತಿಸುತ್ತದೆ. ದಿನಕ್ಕೆ ಹತ್ತು ಬಾರಿ ಹೀಗಾದರೆ ಹೊತ್ತಿಸುವ ವಿದ್ಯುತ್ ಕಡ್ಡಿ ಬೇಗ ಸುಟ್ಟುಹೋಗುತ್ತದೆ. ಕನಿಷ್ಠ 2.5 ಕಿಲೋವಾಟಿಗೆ ಇಳಿಯಬಲ್ಲ, 7 ಅಥವಾ 8 ಕಿಲೋವಾಟಿನ ಒಲೆ ನಿಮ್ಮ ಮನೆಗೆ ಒಪ್ಪುತ್ತದೆ. 8 ಕಿಲೋವಾಟಿನಲ್ಲಿ ಸತತವಾಗಿ ಉರಿದರೆ ಗಂಟೆಗೆ ಎರಡು ಕಿಲೋಗೆ ತುಸು ಕಡಿಮೆ ಪೆಲೆಟ್ ಖರ್ಚಾಗುತ್ತದೆ. ತೊಟ್ಟಿ ಎಷ್ಟು ಕಿಲೋ ಹಿಡಿಯುತ್ತದೆ ಎಂಬುದನ್ನು ಇದರೊಂದಿಗೆ ತಾಳೆ ನೋಡಿ. ಮಧ್ಯರಾತ್ರಿ ಎದ್ದು ಚೀಲ ಸುರಿಯುವಂತಾಗಬಾರದು.

ಪ್ರಶ್ನೆ: ನಮ್ಮದು ಹಳೆಯ ಮನೆ. ಸೌದೆ ಉರಿಸುತ್ತಿದ್ದ ಅಗ್ಗಿಷ್ಟಿಕೆಗೆ ಇಟ್ಟಿಗೆಯ ದೊಡ್ಡ ಚಿಮಣಿ ಇದೆ. ಪೆಲೆಟ್ ಒಲೆಯ ಕೊಳವೆಯನ್ನು ನೇರವಾಗಿ ಅದರೊಳಗೆ ಬಿಟ್ಟರೆ ಸಾಕೆಂದು ಗಾರೆ ಕೆಲಸದವರು ಹೇಳುತ್ತಾರೆ. ಇದು ಸರಿಯೇ? ಖರ್ಚು ಉಳಿಯುತ್ತದೆ ಎಂಬ ಆಸೆ ನನಗೂ ಇದೆ.

ಉತ್ತರ: ಆಸೆ ಸಹಜವೇ. ಆದರೂ ಹಾಗೆ ಮಾಡಿಸಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ದುರಸ್ತಿಗೆಂದು ಹೋದ ಮನೆಗಳಲ್ಲಿ ಕೆಟ್ಟ ಒಲೆಗಿಂತ ತಪ್ಪಾಗಿ ಕೂರಿಸಿದ ಕೊಳವೆಯನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ.

ಸೌದೆಯ ಅಗ್ಗಿಷ್ಟಿಕೆ ತನ್ನ ಶಾಖದ ದೊಡ್ಡ ಪಾಲನ್ನು ಚಿಮಣಿಗೇ ಕೊಡುತ್ತದೆ. ಆ ಶಾಖದಿಂದಲೇ ಹೊಗೆ ಮೇಲೇರುತ್ತದೆ. ಪೆಲೆಟ್ ಒಲೆಯ ಸಾಮರ್ಥ್ಯ ಶೇಕಡ 85ರಿಂದ 90ರ ಮಟ್ಟದಲ್ಲಿದ್ದು, ಅದರ ಹೊಗೆ ಹೊರಬೀಳುವಾಗ ಅಷ್ಟು ಬಿಸಿಯಾಗಿರುವುದಿಲ್ಲ. ಇಂಥ ಹೊಗೆಯನ್ನು ವಿಶಾಲವಾದ ತಣ್ಣನೆಯ ಇಟ್ಟಿಗೆ ಗೂಡಿಗೆ ಬಿಟ್ಟರೆ ಅರ್ಧ ದಾರಿಯಲ್ಲೇ ತಣ್ಣಗಾಗಿ ನಿಲ್ಲುತ್ತದೆ. ಅದರಲ್ಲಿನ ನೀರಾವಿ ಗೋಡೆಗೆ ಹತ್ತಿ ಇಳಿಯುತ್ತದೆ, ಮಸಿಯೊಂದಿಗೆ ಸೇರಿ ಇಟ್ಟಿಗೆಯನ್ನೇ ತಿನ್ನುತ್ತದೆ.

ಹಳೆಯ ಚಿಮಣಿಯನ್ನು ಬಳಸಲು ಒಳ್ಳೆಯ ದಾರಿ ಇದೆ. ಅದರೊಳಗೆ ಬುಡದಿಂದ ಮೇಲಿನ ತುದಿಯವರೆಗೆ ಸ್ಟೀಲಿನ ಕೊಳವೆ ಇಳಿಸಿ, ಮೇಲೆ ಟೋಪಿ ಹಾಕಿ ಮುಚ್ಚುವುದು. ಕೊಳವೆಯ ವ್ಯಾಸ ಸಾಮಾನ್ಯವಾಗಿ 80 ಅಥವಾ 100 ಮಿಲಿಮೀಟರ್. ಯಾವುದು ಬೇಕೆಂಬುದನ್ನು ದಾರಿಯ ಉದ್ದ ಮತ್ತು ತಿರುವುಗಳು ತೀರ್ಮಾನಿಸುತ್ತವೆ. 90 ಡಿಗ್ರಿಯ ಒಂದು ತಿರುವು ಹೊಗೆಗೆ ಸುಮಾರು ಒಂದೂವರೆ ಮೀಟರ್ ಅಡ್ಡ ಕೊಳವೆಯಷ್ಟು ತಡೆ ಒಡ್ಡುತ್ತದೆ. ಹೀಗೆ ಕೂಡಿಸಿದ ಲೆಕ್ಕ ನಾಲ್ಕೂವರೆ ಮೀಟರ್ ದಾಟಿದರೆ ದೊಡ್ಡ ವ್ಯಾಸದ ಕೊಳವೆಗೆ ಹೋಗುವುದು ವಾಡಿಕೆ. ಒಲೆಯ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯ ಮಾತೇ ಅಂತಿಮ.

ಇನ್ನೊಂದು ಮಾತು. ಸೌದೆ ಒಲೆಯ ಹೊಗೆ ತಾನಾಗಿ ಮೇಲೇರುತ್ತದೆ, ಆದ್ದರಿಂದ ಕೊಳವೆಯಲ್ಲಿ ಬಿರುಕಿದ್ದರೆ ಕೋಣೆಯ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆ. ಪೆಲೆಟ್ ಒಲೆಯಲ್ಲಿ ಹೊಗೆಯನ್ನು ಫ್ಯಾನ್ ದಬ್ಬುತ್ತದೆ, ಬಿರುಕಿದ್ದರೆ ಹೊಗೆ ಕೋಣೆಗೆ ಬರುತ್ತದೆ. ಅದಕ್ಕೇ ಪೆಲೆಟ್ ಒಲೆಗೆಂದೇ ತಯಾರಾದ, ಪ್ರತಿ ಕೀಲಿನಲ್ಲೂ ಬಿಸಿ ತಾಳುವ ರಬ್ಬರ್ ಉಂಗುರವಿರುವ ಕೊಳವೆಯೇ ಬೇಕು. ತೆಳು ಅಲ್ಯೂಮಿನಿಯಮ್ ಕೊಳವೆಯನ್ನು ಯಾರಾದರೂ ತಂದರೆ ವಾಪಸ್ ಕಳುಹಿಸಿ. ಒಲೆಯ ಹಿಂದೆ, ದಾರಿ ಮೇಲಕ್ಕೆ ತಿರುಗುವಲ್ಲಿ, ಕೆಳಗೆ ಮುಚ್ಚಳವಿರುವ ಟಿ ಆಕಾರದ ತುಂಡು ಹಾಕಿಸಿ. ಬೂದಿ ಬೀಳುವುದು ಅಲ್ಲೇ, ತೆಗೆಯಬೇಕಾದದ್ದೂ ಅಲ್ಲಿಂದಲೇ. ಈ ಕೊಳವೆಗೆ ಇನ್ನಾವುದೇ ಒಲೆಯನ್ನಾಗಲಿ ಬಾಯ್ಲರನ್ನಾಗಲಿ ಜೋಡಿಸಬಾರದು.

ಒಲೆಗೂ ಮರದ ಗೋಡೆಗೂ ಬಿಡಬೇಕಾದ ಅಂತರ ಒಂದೊಂದು ಮಾದರಿಗೆ ಒಂದೊಂದು. ಅದನ್ನು ಒಲೆಯ ಹಿಂಬದಿಯ ತಗಡಿನ ಮೇಲೆ ಅಚ್ಚು ಹಾಕಿರುತ್ತಾರೆ. ನೆಲ ಮರದ್ದಾದರೆ ಕೆಳಗೆ ಸ್ಟೀಲಿನ ಅಥವಾ ಗಟ್ಟಿ ಗಾಜಿನ ಹಾಸು ಬೇಕು. ಬಾಗಿಲ ಮುಂದೆ ಒಂದು ಮೀಟರಿನೊಳಗೆ ಪರದೆ, ಸೋಫಾ ಏನೂ ಇರದಂತೆ ನೋಡಿಕೊಳ್ಳಿ.

ಪ್ರಶ್ನೆ: ಹೊಸ ಮನೆ, ಕಿಟಕಿ ಬಾಗಿಲು ಎಲ್ಲ ಬಿಗಿ. ಒಲೆ ಹೊಸದು, ಕೊಳವೆಯೂ ಹೊಸದು. ಆದರೂ ಅಡುಗೆಮನೆಯ ಹೊಗೆ ಎಳೆಯುವ ಫ್ಯಾನ್ ಹಾಕಿದ ಕೂಡಲೇ ನಡುಮನೆಯಲ್ಲಿ ಹೊಗೆಯ ವಾಸನೆ ಬರುತ್ತದೆ. ಒಲೆಯಲ್ಲಿ ದೋಷವಿದೆಯೇ?

ಉತ್ತರ: ಒಲೆಯಲ್ಲಲ್ಲ, ಗಾಳಿಯ ಲೆಕ್ಕದಲ್ಲಿ. ಒಂದು ಕಿಲೋ ಪೆಲೆಟ್ ಸರಿಯಾಗಿ ಉರಿಯಲು 8ರಿಂದ 10 ಘನ ಮೀಟರ್ ಗಾಳಿ ಬೇಕು. ಬಿಗಿಯಾದ ಮನೆಯಲ್ಲಿ ಅಡುಗೆಮನೆಯ ಫ್ಯಾನ್ ಅದಕ್ಕಿಂತ ಎಷ್ಟೋ ಪಟ್ಟು ಗಾಳಿಯನ್ನು ಹೊರಗೆ ಹಾಕುತ್ತದೆ. ಮನೆಯೊಳಗೆ ಒತ್ತಡ ಇಳಿಯುತ್ತದೆ. ಆ ಕೊರತೆ ತುಂಬಲು ಗಾಳಿ ಸಿಕ್ಕ ಕಡೆಯಿಂದ ನುಗ್ಗುತ್ತದೆ, ನಿಮ್ಮ ಮನೆಯಲ್ಲಿ ಅದಕ್ಕೆ ಸಿಕ್ಕ ದಾರಿ ಒಲೆಯೇ. ಹೊರಗಿನಿಂದ ನೇರವಾಗಿ ಒಲೆಯ ಗಾಳಿ ಬಾಯಿಗೆ ಕೊಳವೆ ಜೋಡಿಸಿ, ಉರಿಗೆ ಬೇಕಾದ ಗಾಳಿ ಪೂರ್ತಿ ಹೊರಗಿನಿಂದಲೇ ಬರುವಂತೆ ಮಾಡಿಸಿ. ಹೊರಗಿನ ಗಾಳಿ ಬಾಯಿಗೆ ಹುಳ, ಎಲೆ ಹೋಗದಂತೆ ಜಾಲರಿ ಬೇಕು, ಅದು ಹೊಗೆ ಹೊರಬೀಳುವ ಜಾಗದಿಂದ ದೂರವಿರಬೇಕು. ಬಾಗಿಲ ಬಿಗಿತವನ್ನೂ ಕೊಳವೆಯ ಕೀಲುಗಳನ್ನೂ ಒಮ್ಮೆ ಪರೀಕ್ಷಿಸಲು ಹೇಳಿ.

ಈ ಕೆಲಸ ಮುಗಿಯುವವರೆಗೆ ಒಲೆ ಮತ್ತು ಆ ಫ್ಯಾನನ್ನು ಒಟ್ಟಿಗೆ ನಡೆಸಬೇಡಿ. ಇವತ್ತೇ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವನ್ನು ಪತ್ತೆ ಮಾಡುವ ಗಂಟೆ ತಂದು ಒಲೆಯ ಕೋಣೆಯಲ್ಲೊಂದು, ಮಲಗುವ ಕೋಣೆಗಳ ಬಳಿ ಇನ್ನೊಂದು ಹಾಕಿ. ಹೊಗೆಯ ವಾಸನೆ ಬಂದದ್ದು ನಿಮ್ಮ ಅದೃಷ್ಟ, ಏಕೆಂದರೆ ಆ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವೂ ಇಲ್ಲ. ಮನೆಯ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಕಾರಣ ಹುಡುಕುತ್ತಾ ಒಳಗೆ ನಿಲ್ಲಬೇಡಿ. ಎಲ್ಲರೂ ಹೊರಗೆ ಬನ್ನಿ, ಸಹಾಯ ಕರೆಯಿರಿ.

ಪ್ರಶ್ನೆ: ಪೆಲೆಟ್ ಒಳ್ಳೆಯದೋ ಅಲ್ಲವೋ ಎಂದು ಕೊಳ್ಳುವಾಗ ತಿಳಿಯುವುದು ಹೇಗೆ? ಒಟ್ಟಿಗೆ ಒಂದು ಟನ್ ತಂದಿಟ್ಟುಕೊಳ್ಳಬಹುದೇ?

ಉತ್ತರ: ಚೀಲದ ಮೇಲೆ ‘ಎ1’ ದರ್ಜೆ ಎಂದಿದೆಯೇ ನೋಡಿ. ಐಎಸ್ಒ 17225-2 ಮಾನದಂಡದಲ್ಲಿ ಈ ದರ್ಜೆಗೆ ತೇವ ಶೇಕಡ 10, ಬೂದಿ ಶೇಕಡ 0.7 ಮೀರುವಂತಿಲ್ಲ. ಮನೆಯ ಒಲೆಗೆ ಸಾಮಾನ್ಯವಾಗಿ 6 ಮಿಲಿಮೀಟರ್ ವ್ಯಾಸದ್ದು ಬೇಕು. ಬಣ್ಣ ನೋಡಿ ಮೋಸ ಹೋಗಬೇಡಿ, ತಿಳಿ ಬಣ್ಣದ್ದೆಲ್ಲ ಒಳ್ಳೆಯದಲ್ಲ. ಮೈ ನುಣುಪಾಗಿ ಹೊಳೆಯಬೇಕು, ಚೀಲದ ತಳದಲ್ಲಿ ಪುಡಿ ಕಡಿಮೆ ಇರಬೇಕು. ಲೋಟದ ನೀರಿಗೆ ನಾಲ್ಕು ಗುಳಿಗೆ ಹಾಕಿ. ಚೆನ್ನಾಗಿ ಒತ್ತಿದ ಗುಳಿಗೆ ಮುಳುಗುತ್ತದೆ, ಸ್ವಲ್ಪ ಹೊತ್ತಿಗೆ ಕರಗಿ ಬರಿಯ ಹೊಟ್ಟಾಗುತ್ತದೆ. ತೇಲಿದರೆ ಒತ್ತುವಿಕೆ ಸಾಲದು. ಕೊನೆಯ ಮಾತನ್ನು ಉರಿ ಬಟ್ಟಲೇ ಹೇಳುತ್ತದೆ. ತಳದಲ್ಲಿ ಗಟ್ಟಿ ಕಿಟ್ಟ ಕಟ್ಟುತ್ತಿದ್ದರೆ ಆ ಪೆಲೆಟ್‌ನಲ್ಲಿ ಮರಳು ಅಥವಾ ತೊಗಟೆ ಹೆಚ್ಚಿದೆ. ಒಂದು ಟನ್ ಕೊಳ್ಳುವ ಮೊದಲು ಎರಡು ಚೀಲ ಉರಿಸಿ ನೋಡಿ.

ಒಂದು ಟನ್ನಿಗೆ ಸುಮಾರು ಒಂದೂವರೆ ಘನ ಮೀಟರ್ ಜಾಗ ಸಾಕು. ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ ಒಟ್ಟಿ, ಏಕೆಂದರೆ ತೇವ ಕುಡಿದ ಗುಳಿಗೆ ಉಬ್ಬಿ ಪುಡಿಯಾಗಿ ತಿರುಪು ದಂಡವನ್ನೇ ಹಿಡಿದುಬಿಡುತ್ತದೆ. ಚೀಲವಿಲ್ಲದೆ ರಾಶಿಯಾಗಿ ತುಂಬಿದ ಪೆಲೆಟ್ ತಾನಾಗಿಯೇ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಮುಚ್ಚಿದ ಪೆಲೆಟ್ ಕೋಣೆಗೆ ಇಳಿದು ಜನ ಸತ್ತ ಪ್ರಸಂಗಗಳಿವೆ. ಅಂಥ ಕೋಣೆಗೆ ಗಾಳಿಕಿಂಡಿ ಕಡ್ಡಾಯ, ಒಳಗೆ ಹೋಗುವ ಮುನ್ನ ಬಾಗಿಲು ತೆರೆದು ಗಾಳಿಯಾಡಿಸಬೇಕು.

ಪ್ರಶ್ನೆ: ಪೆಲೆಟ್ ಬದಲು ಜೋಳದ ಕಾಳು ಅಥವಾ ಮರದ ಚಕ್ಕೆ ಹಾಕಬಹುದೇ?

ಉತ್ತರ: ಒಲೆಯ ತಯಾರಕರು ಅದಕ್ಕೆಂದೇ ಅನುಮತಿಸಿದ್ದರೆ ಮಾತ್ರ. ಇಲ್ಲವಾದರೆ ಬೇಡ.

ಪ್ರಶ್ನೆ: ಕರೆಂಟ್ ಹೋದರೆ ಏನಾಗುತ್ತದೆ? ನಮ್ಮಲ್ಲಿ ಆಗಾಗ ಹೋಗುತ್ತದೆ.

ಉತ್ತರ: ಪೆಲೆಟ್ ಬೀಳುವುದು ನಿಲ್ಲುತ್ತದೆ, ಫ್ಯಾನ್‌ಗಳೂ ನಿಲ್ಲುತ್ತವೆ. ಬಟ್ಟಲಲ್ಲಿ ಉಳಿದ ಹಿಡಿಯಷ್ಟು ಗುಳಿಗೆ ಸುಡುತ್ತಲೇ ಇರುತ್ತದೆ. ಅದರ ಹೊಗೆ ತಾನಾಗಿ ಮೇಲೇರುವಂತೆ ಕೊಳವೆ ಮೂರು ಮೀಟರಾದರೂ ನೆಟ್ಟಗೆ ನಿಂತಿದ್ದರೆ ತೊಂದರೆ ಇಲ್ಲ. ಗೋಡೆ ತೂತು ಮಾಡಿ ಅಡ್ಡಕ್ಕೆ ಬಿಟ್ಟ ಕೊಳವೆಯಾದರೆ ಹೊಗೆ ಕೋಣೆಗೆ ತಿರುಗುತ್ತದೆ. ಕರೆಂಟ್ ಆಗಾಗ ಹೋಗುವ ಮನೆಗೆ ಅಡ್ಡ ಕೊಳವೆಯನ್ನು ನಾನು ಒಪ್ಪುವುದೇ ಇಲ್ಲ. ಯುಪಿಎಸ್ ಕೊಳ್ಳುವುದಾದರೆ ಶುದ್ಧ ಸೈನ್ ಅಲೆಯದನ್ನೇ (ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವುದನ್ನು) ಕೊಳ್ಳಿ, ಮೋಟರ್ ಮತ್ತು ನಿಯಂತ್ರಣ ಫಲಕಗಳಿಗೆ ಬೇರೆಯದು ಹಿಡಿಸುವುದಿಲ್ಲ. ಹೊತ್ತಿಸುವಾಗ ಒಲೆ ಕೆಲವು ನಿಮಿಷ 300ರಿಂದ 400 ವಾಟ್ ಎಳೆಯುತ್ತದೆ, ಹೊತ್ತಿದ ಮೇಲೆ 100 ವಾಟಿನ ಆಸುಪಾಸು ಸಾಕು. ಕರೆಂಟ್ ಹೋದಾಗ ಒಲೆಯ ಬಾಗಿಲನ್ನು ಮಾತ್ರ ತೆರೆಯಬೇಡಿ.

ಪ್ರಶ್ನೆ: ಎರಡು ವರ್ಷದ ಒಲೆ. ಈಚೆಗೆ ಒಂದೇ ದಿನದಲ್ಲಿ ಗಾಜು ಕಪ್ಪಾಗುತ್ತಿದೆ, ಉರಿ ಸೋಮಾರಿಯಾಗಿ ಕೆಂಪಗೆ ಓಲಾಡುತ್ತದೆ. ದಿನವೂ ಬೂದಿ ತೆಗೆಯುತ್ತೇನೆ. ಇನ್ನೇನು ಮಾಡಬೇಕು?

ಉತ್ತರ: ಗಾಜಿನ ಮೇಲೆ ತೆಳು ಬೂದುಬಣ್ಣದ ಪುಡಿ ಕೂತರೆ ಸಹಜ. ಕಪ್ಪು ಮಸಿ ಮತ್ತು ಕೆಂಪು ಉರಿ ಒಟ್ಟಿಗೆ ಬಂದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಉರಿ ಹಳದಿಯಾಗಿ, ಚುರುಕಾಗಿ ಏಳಬೇಕು. ಒಲೆ ಪೂರ್ತಿ ತಣಿದ ಮೇಲೆ ಉರಿ ಬಟ್ಟಲನ್ನು ಹೊರತೆಗೆದು ಬೆಳಕಿಗೆ ಹಿಡಿಯಿರಿ. ತಳದ ತೂತುಗಳಲ್ಲಿ ಒಂದೊಂದರಲ್ಲೂ ಬೆಳಕು ಕಾಣಬೇಕು, ಕಾಣದ್ದನ್ನು ಚುಚ್ಚಿ ಬಿಡಿಸಿ. ಟಿ ತುಂಡಿನ ಮುಚ್ಚಳ ತೆಗೆದು ನೋಡಿ, ಎರಡು ಚಳಿಗಾಲದ ಬೂದಿ ಅಲ್ಲೇ ಕೂತಿರಬಹುದು. ತೆಗೆದ ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಕ್ಕೇ ಹಾಕಿ ಹೊರಗಿಡಿ. ಅದರಲ್ಲಿ ಕೆಂಡ ಅಡಗಿರುತ್ತದೆ, ಮನೆ ಗುಡಿಸುವ ವ್ಯಾಕ್ಯೂಮ್ ಯಂತ್ರದಿಂದ ಎಳೆದರೆ ಯಂತ್ರಕ್ಕೇ ಬೆಂಕಿ ಹತ್ತೀತು.

ಆಮೇಲೆ ಒಂದು ಚೀಟಿ ತೆಗೆದುಕೊಂಡು ಬಾಗಿಲ ಅಂಚಿನಲ್ಲಿಟ್ಟು ಬಾಗಿಲು ಮುಚ್ಚಿ, ಚೀಟಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಬಾಗಿಲ ಸುತ್ತಲಿನ ಹಗ್ಗ ಸವೆದಿದೆ. ಉರಿಯ ಕೆಳಗಿನಿಂದ ಹೋಗಬೇಕಾದ ಗಾಳಿ ಆ ಸಂದಿಯಿಂದ ಸೋರಿ ಒಳಹೋಗುತ್ತಿರುತ್ತದೆ. ಆ ಹಗ್ಗವನ್ನು ನೀವೇ ಬದಲಿಸಬಹುದು. ಇಷ್ಟಾದರೂ ಉರಿ ಕೆಂಪಗೇ ಇದ್ದರೆ ಹೊಗೆ ಫ್ಯಾನಿನ ರೆಕ್ಕೆಗಳು ಮತ್ತು ಒಳಗಿನ ಶಾಖ ವಿನಿಮಯದ ಸಂದುಗಳು ಮಸಿಯಿಂದ ತುಂಬಿವೆ. ಅವುಗಳನ್ನು ವರ್ಷಕ್ಕೊಮ್ಮೆ ಪರಿಣತರಿಂದ ಬಿಚ್ಚಿಸಿ ತೊಳೆಸಬೇಕಿತ್ತು. ಅವರು ಬಂದು ನೋಡುವವರೆಗೆ ಒಲೆಯನ್ನು ಹೊತ್ತಿಸಬೇಡಿ.