ಬೆನ್ನು ತೋರಿಸುವ ಕಂಡಕ್ಟರ್

ಸೋಮವಾರಪೇಟೆಯ ಹಿರಿಯ ಓದುಗರೊಬ್ಬರ ಪತ್ರ: "ಬೆಂಗಳೂರಿನಲ್ಲಿರುವ ಮಗಳು ನನ್ನನ್ನೂ ಮೊಮ್ಮಗನನ್ನೂ ಪಾಶ್ಚಾತ್ಯ ಸಂಗೀತದ ಆರ್ಕೆಸ್ಟ್ರಾ ಕೇಳಲು ಕರೆದುಕೊಂಡು ಹೋಗಿದ್ದಳು. ನಮ್ಮೂರ ರಸಮಂಜರಿ ಥರ ಇರುತ್ತದೆ ಅಂದುಕೊಂಡಿದ್ದೆ. ಕಂಡಕ್ಟರ್ ಅನ್ನುವ ಮನುಷ್ಯ ಒಂದೂವರೆ ಗಂಟೆ ನಮಗೆ ಬೆನ್ನು ಹಾಕಿ ಕಡ್ಡಿ ಆಡಿಸಿದ. ಒಂದು ಮಾತಿಲ್ಲ, ಕತೆಯಿಲ್ಲ. ನುಡಿಸುವವರ ಮುಂದೆ ಹೇಗೂ ಕಾಗದ ಇತ್ತಲ್ಲ, ಇವನು ಯಾಕೆ? ನಡುವೆ ಮೊಮ್ಮಗ ಚಪ್ಪಾಳೆ ತಟ್ಟಿದ್ದಕ್ಕೆ ಸುತ್ತ ಕೂತವರು ದುರುಗುಟ್ಟಿ ನೋಡಿದರು. ಬಸ್ಸಿನ ಕಂಡಕ್ಟರ್ ಆದರೂ ಮುಖ ನೋಡಿ ಟಿಕೆಟ್ ಕೊಡುತ್ತಾನೆ!"

ಸಂಪಾದಕರ ಉತ್ತರ:

ನಮಸ್ಕಾರ ಅಮ್ಮ. ನಿಮ್ಮ ಕೊನೆಯ ಸಾಲು ಓದಿ ಕಚೇರಿಯಲ್ಲಿ ಎಲ್ಲರೂ ನಕ್ಕೆವು. ಆದರೆ ಎಡವಟ್ಟಾಗಿರುವುದು ಹೆಸರಿನಲ್ಲೇ. ಆತನ ಹೆಸರು ಕಂಡಕ್ಟರ್, ಕೆಲಸ ಮಾತ್ರ ಡ್ರೈವರನದು. ಸಂಪಾಜೆ ಘಾಟಿ ಇಳಿಯುವಾಗ ಡ್ರೈವರ್ ನಮಗೆ ಬೆನ್ನು ಹಾಕಿದ್ದಾನೆ ಅಂತ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ತಿರುಗಿ ಮಾತಾಡಿದರೇ ಭಯ, ಅಲ್ವಾ?

ಇವನು ಯಾಕೆ ಬೇಕು ಅಂದಿರಿ. ಜನ ಕಮ್ಮಿ ಇದ್ದರೆ ಬೇಕಾಗಿಯೇ ಇಲ್ಲ. ನಾಲ್ವರು ದುಡಿ ಹಿಡಿದು ಹಾಡಲು ಕೂತರೆ ಯಾರೂ ಎದುರು ನಿಂತು ಕೈ ಆಡಿಸುವುದಿಲ್ಲ. ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುತ್ತದೆ, ಅಷ್ಟು ಸಾಕು. ಪಾಶ್ಚಾತ್ಯ ಸಂಗೀತದಲ್ಲೂ ನಾಲ್ವರ ಪಿಟೀಲು ಮೇಳಕ್ಕೆ ಕಂಡಕ್ಟರ್ ಇಲ್ಲ. ನ್ಯೂಯಾರ್ಕಿನಲ್ಲಿ 1972ರಲ್ಲಿ ಶುರುವಾದ ಆರ್ಫಿಯಸ್ ಎಂಬ ಪುಟ್ಟ ಆರ್ಕೆಸ್ಟ್ರಾ ಕಂಡಕ್ಟರ್ ಇಲ್ಲದೆಯೇ ಹೆಸರು ಮಾಡಿತು.

ಎಂಬತ್ತು ತೊಂಬತ್ತು ಜನ ಕೂತಾಗ ಕಥೆ ಬೇರೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಮುಂದಿನ ಪಿಟೀಲಿಗೂ ಹಿಂದಿನ ನಗಾರಿಗೂ 20 ಮೀಟರ್ ದೂರ ಅಂತಿಟ್ಟುಕೊಳ್ಳಿ. ಪಿಟೀಲಿನ ದನಿ ಅಲ್ಲಿಗೆ ಮುಟ್ಟಲು ಸೆಕೆಂಡಿನ ಹದಿನೇಳನೇ ಒಂದು ಭಾಗ ಬೇಕು. ನಗಾರಿಯವನು ಅದನ್ನು ಕೇಳಿಸಿಕೊಂಡು ಬಾರಿಸಿದರೆ, ಆ ಪೆಟ್ಟು ನಮ್ಮ ಕಡೆ ಬರಲು ಮತ್ತೆ ಅಷ್ಟೇ ಹೊತ್ತು. ತಡ ದುಪ್ಪಟ್ಟಾಯಿತು. ಇಷ್ಟು ಸಾಕು, ನಮ್ಮ ಕಿವಿಗೆ ತಾಳ ಕಲಸಿದ ಹಾಗೆ ಕೇಳುತ್ತದೆ. ಅದಕ್ಕೇ ಅವರು ಕಿವಿಯನ್ನು ಪೂರ್ತಿ ನಂಬುವ ಹಾಗಿಲ್ಲ. ಎಲ್ಲರಿಗೂ ಕಾಣುವ ಒಂದು ಕೈ ಬೇಕು.

ಇನ್ನು ಆ ಕಾಗದ. ಒಬ್ಬೊಬ್ಬರ ಮುಂದೆ ಇರುವುದು ಅವರವರ ಪಾಲಿನದು ಮಾತ್ರ. ಎಲ್ಲರ ಪಾಲೂ ಒಟ್ಟಿಗೆ ಇರುವ ಪುಸ್ತಕ ಕಂಡಕ್ಟರ್ ಹತ್ತಿರ ಇರುತ್ತದೆ. ಅದಕ್ಕೆ ಸ್ಕೋರ್ ಅನ್ನುತ್ತಾರೆ. ಒಂದೇ ಪುಟದಲ್ಲಿ ಮೇಲಿಂದ ಕೆಳಗೆ ಇಪ್ಪತ್ತಕ್ಕೂ ಜಾಸ್ತಿ ಸಾಲು ಇರಬಹುದು, ಎಲ್ಲವನ್ನೂ ಒಂದೇ ಏಟಿಗೆ ಓದಬೇಕು. ಸಾಲದ್ದಕ್ಕೆ ಬರೆದದ್ದು ಒಂದು, ಕೇಳುವುದು ಇನ್ನೊಂದು. ಸಾಮಾನ್ಯ ಕ್ಲಾರಿನೆಟ್‌ನವರು 'ಸಿ' ಅಂತ ಓದಿ ನುಡಿಸಿದರೆ ಕೇಳುವುದು 'ಬಿ ಫ್ಲ್ಯಾಟ್', ಅಂದರೆ ಅದಕ್ಕಿಂತ ತುಸು ತಗ್ಗಿನ ಸ್ವರ. ಇದನ್ನೆಲ್ಲ ತಲೆಯಲ್ಲೇ ಕೇಳಿಸಿಕೊಳ್ಳುತ್ತಾ ತಿಂಗಳುಗಟ್ಟಲೆ ಒಂಟಿಯಾಗಿ ಕೂರುವುದೇ ಆ ಕೆಲಸದ ದೊಡ್ಡ ಪಾಲು. ನೀವು ನೋಡಿದ ಒಂದೂವರೆ ಗಂಟೆ ಕಾಫಿ ಕೊಯ್ಲಿನ ದಿನದ ಹಾಗೆ. ಕಸಿ, ಗೊಬ್ಬರ, ಹೂಮಳೆಗೆ ಕಾದದ್ದೆಲ್ಲ ಮೊದಲೇ ಆಗಿಹೋಗಿದೆ. ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾನು ಮುಂಬೈಯಲ್ಲಿ ಕೆಲಸದಲ್ಲಿದ್ದಾಗ ಒಮ್ಮೆ ತಾಲೀಮು ನೋಡಲು ಹೋಗಿದ್ದೆ. ನಿಜ ಹೇಳಬೇಕೆಂದರೆ ಸಂಗೀತ ಕಚೇರಿಗಿಂತ ಅದೇ ಚೆನ್ನಾಗಿತ್ತು. ಅರ್ಧ ನಿಮಿಷದ ಒಂದು ತುಣುಕಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಕಂಡಕ್ಟರ್ ಒಮ್ಮೆಯೂ ಗದರಲಿಲ್ಲ. "ನೀವು ಸ್ವಲ್ಪ ಮೆಲ್ಲಗೆ, ಇವರದು ಕೇಳಲಿ" ಅನ್ನುವುದು, ಮತ್ತೆ ಮೊದಲಿಂದ. ಬಲಗೈ ತಾಳ ತೋರಿಸುತ್ತದೆ. ಎಡಗೈ ಜೋರು, ಮೆಲು, ಈಗ ನೀವು ಬನ್ನಿ ಅನ್ನುತ್ತದೆ. ಕೈ ಕೆಳಗೆ ಬಿದ್ದಾಗ ಶಬ್ದ ಹುಟ್ಟುತ್ತದೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಎಷ್ಟು ಬೇಗ, ಎಷ್ಟು ಜೋರು ಅನ್ನುವುದೆಲ್ಲ ಕೈ ಮೇಲೇಳುವಾಗಲೇ ತೀರ್ಮಾನ ಆಗಿರುತ್ತದೆ. ಘಾಟಿ ಡ್ರೈವರ್ ತಿರುವಿನಲ್ಲಲ್ಲ, ತಿರುವಿಗೆ ಮುಂಚೆ ಗೇರ್ ಬದಲಿಸುವ ಹಾಗೆ.

ತಾಲೀಮೇ ಸಿಗದ ದಿನವೂ ಬರಬಹುದು. 1943ರ ನವೆಂಬರ್ 14ರಂದು ನ್ಯೂಯಾರ್ಕಿನಲ್ಲಿ ಬ್ರೂನೋ ವಾಲ್ಟರ್ ಎಂಬ ಹಿರಿಯ ಕಂಡಕ್ಟರಿಗೆ ಹುಷಾರಿರಲಿಲ್ಲ. ಅವರ ಜಾಗಕ್ಕೆ 25 ವರ್ಷದ ಸಹಾಯಕನನ್ನು ಕರೆದರು. ಒಂದು ತಾಲೀಮೂ ಇಲ್ಲ, ರೇಡಿಯೋದಲ್ಲಿ ನೇರ ಪ್ರಸಾರ ಬೇರೆ. ಆ ಹುಡುಗ ಲಿಯೊನಾರ್ಡ್ ಬರ್ನ್‌ಸ್ಟೈನ್. ಮರುದಿನ ಪತ್ರಿಕೆಯ ಮುಖಪುಟದಲ್ಲಿ ಅವರ ಸುದ್ದಿ. ನಿಮಗೆ ಈ ಬರ್ನ್‌ಸ್ಟೈನ್ ಖಂಡಿತ ಇಷ್ಟ ಆಗುತ್ತಿದ್ದರು. 1958ರಿಂದ 1972ರವರೆಗೆ ಮಕ್ಕಳಿಗೆಂದೇ ಕಚೇರಿ ನಡೆಸಿದರು, ಅದು ಟಿವಿಯಲ್ಲೂ ಬಂತು. ಜನರ ಕಡೆ ತಿರುಗಿ, ಸಂಗೀತ ಅಂದರೆ ಏನು ಅಂತ ಮಾತಾಡಿ, ಆಮೇಲೆ ನುಡಿಸುತ್ತಿದ್ದರು.

ಎಲ್ಲರೂ ಹಾಗೆ ಮಾತಾಡಬೇಕೇ? ಬೇಡ ಅನ್ನಿಸುತ್ತದೆ. ಕೆಲವರು ಮಾತಾಡಿದರೆ ಕೆಡುತ್ತದೆ. ಆದರೂ ಆ ಕಂಡಕ್ಟರ್ ಒಂದು ನಮಸ್ಕಾರ ಹೇಳಿ, ಈಗ ನುಡಿಸುವುದು ಇಂಥದ್ದು ಅಂದಿದ್ದರೆ ಗಂಟೇನೂ ಹೋಗುತ್ತಿರಲಿಲ್ಲ. ಆ ದೂರು ನಾನು ಒಪ್ಪುತ್ತೇನೆ. ನಾವು ವಾಲಗಕ್ಕೆ ಕುಣಿದು ಬೆಳೆದವರು. ಮದುವೆ ಮನೆಯಲ್ಲಿ ವಾಲಗದವರು ಕುಣಿಯುವವರ ಕಾಲು ನೋಡಿಕೊಂಡೇ ಗತಿ ಏರಿಸುತ್ತಾರೆ. ಅಂಥವರಿಗೆ ಬೆನ್ನು ನೋಡುತ್ತಾ ಸುಮ್ನೆ ಕೂರುವುದು ಕಷ್ಟವೇ. ಆದರೆ ಒಳ್ಳೆಯ ಕಂಡಕ್ಟರಿಗೆ ಬೆನ್ನಿನಿಂದಲೂ ಸಭೆ ತಿಳಿಯುತ್ತದೆ. ಜನ ಕೆಮ್ಮುವುದು, ಕುರ್ಚಿ ಕಿರ್ರೆನ್ನುವುದು, ಒಮ್ಮೆಲೇ ಎಲ್ಲರೂ ಉಸಿರು ಬಿಗಿಹಿಡಿಯುವುದು, ಎಲ್ಲವೂ ಅವರಿಗೆ ಕೇಳುತ್ತದೆ. ಮುಂದಿನ ಸಲ ಬದಿಯ ಸೀಟು ಕೇಳಿ. ಅಲ್ಲಿಂದ ಅವರ ಮುಖ ಕಾಣುತ್ತದೆ, ಎಡಗೈಯೂ ಕಾಣುತ್ತದೆ.

ಕೊನೆಗೆ ನಿಮ್ಮ ಮೊಮ್ಮಗನ ಚಪ್ಪಾಳೆ. ಸಿಂಫನಿ ಅಂದರೆ ಆರ್ಕೆಸ್ಟ್ರಾಕ್ಕೆಂದೇ ಬರೆದ ದೊಡ್ಡ ಕೃತಿ. ಅದಕ್ಕೆ ಸಾಮಾನ್ಯವಾಗಿ ನಾಲ್ಕು ಭಾಗ, ಎಲ್ಲ ಮುಗಿದ ಮೇಲೆಯೇ ತಟ್ಟಬೇಕು ಅನ್ನುವುದು ಈಗಿನ ರೂಢಿ. ಕಂಡಕ್ಟರ್ ಕೈ ಪೂರ್ತಿ ಕೆಳಗಿಳಿಸಿದರೆ ಮುಗಿಯಿತು ಅಂತ ಲೆಕ್ಕ. ಆದರೆ ಈ ಶಿಸ್ತು ಆಮೇಲೆ ಬಂದದ್ದು. 1778ರ ಜೂನ್‌ನಲ್ಲಿ ಪ್ಯಾರಿಸ್ಸಿನಲ್ಲಿ ಮೊಜಾರ್ಟ್ ಹೊಸ ಸಿಂಫನಿ ಕೇಳಿಸಿದಾಗ ಜನ ಮೊದಲ ಭಾಗದ ನಡುವೆಯೇ ಚಪ್ಪಾಳೆ ತಟ್ಟಿಬಿಟ್ಟರು. ಮೊಜಾರ್ಟರಿಗಾಗ 22 ವರ್ಷ. ಸಿಟ್ಟು ಬರಲಿಲ್ಲ, ಬೇಕೆಂದೇ ಅಲ್ಲಿ ಅಂಥ ಜಾಗ ಇಟ್ಟಿದ್ದರು. ಅಪ್ಪನಿಗೆ ಬರೆದ ಕಾಗದದಲ್ಲಿ ಆ ದಿನದ ಖುಷಿಯನ್ನೆಲ್ಲ ಹೇಳಿಕೊಂಡಿದ್ದಾರೆ. ಸಿಂಫನಿ ಮುಗಿದ ಕೂಡಲೇ ಹೋಗಿ ಒಳ್ಳೆಯ ಐಸ್‌ಕ್ರೀಂ ತಿಂದರಂತೆ, ಹೊತ್ತಿದ್ದ ಹರಕೆಯ ಜಪ ಮುಗಿಸಿದರಂತೆ, ಮನೆಗೆ ಹೋದರಂತೆ.

ಹರಕೆ ನಿಮಗೆ ಬಿಟ್ಟದ್ದು. ಐಸ್‌ಕ್ರೀಂ ಮಾತ್ರ ಹುಡುಗನಿಗೆ ಕೊಡಿಸಿ.